ಊರ ಪಕ್ಕ ಜಲ್ಲಿ ಕ್ವಾರಿ ಬರುತ್ತಿದೆಯಾ? ಮೊದಲು ಬಾವಿ ಅಳೆಯಿರಿ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನವರಿಗೆ ಕಲ್ಲು ಹೊಸದಲ್ಲ. ಟೇಕಲ್ ಸುತ್ತಮುತ್ತ ಬಂಡೆ ಕೆಲಸದಿಂದಲೇ ಮಕ್ಕಳನ್ನು ಓದಿಸಿದ ಮನೆಗಳಿವೆ. ನಮ್ಮ ಮನೆಯಲ್ಲೂ ಉಳಿ ಸುತ್ತಿಗೆ ಹಿಡಿದವರಿದ್ದಾರೆ. ಹಾಗಾಗಿ ಕ್ವಾರಿಯೇ ಬೇಡ ಎನ್ನಲು ನಾನು ಇದನ್ನು ಬರೆಯುತ್ತಿಲ್ಲ. ಮನೆಗೂ ರಸ್ತೆಗೂ ಜಲ್ಲಿ ಬೇಕು. ಆದರೆ ಕೈಯಲ್ಲಿ ಚಪ್ಪಡಿ ಎಬ್ಬಿಸುತ್ತಿದ್ದ ಕಾಲದ ಗುಂಡಿ ಬೇರೆ, ಹಿಟಾಚಿಯೂ ಕ್ರಷರೂ ಬಂದ ಮೇಲಿನ ಗುಂಡಿ ಬೇರೆ. ಈಗಿನದು ಬಾವಿಗಳ ನೀರಿನ ಮಟ್ಟಕ್ಕಿಂತ ಕೆಳಗೆ ಇಳಿಯುತ್ತದೆ.

ಗ್ರಾಮ ಪಂಚಾಯ್ತಿ ಸದಸ್ಯೆಯಾಗಿದ್ದಾಗ ನನ್ನ ಹತ್ತಿರ ಬಂದವರೆಲ್ಲ ಹೇಳುತ್ತಿದ್ದ ಮಾತು ಒಂದೇ. "ಅಕ್ಕಾ, ಕ್ವಾರಿ ಬಂದ ಮೇಲೆ ನಮ್ಮ ಬೋರು ನಿಂತುಹೋಯ್ತು." ಸ್ಥಳ ನೋಡಲು ಬಂದ ಅಧಿಕಾರಿ "ಮೊದಲು ಎಷ್ಟು ನೀರಿತ್ತು?" ಎಂದು ಕೇಳುತ್ತಿದ್ದರು. "ತುಂಬಾ ಇತ್ತು ಸಾರ್." ಅಲ್ಲಿಗೆ ಮಾತು ಮುಗಿಯುತ್ತಿತ್ತು. ನೀರು ಹೋಗಿದ್ದು ನಿಜವೇ. ಆದರೆ ಎಷ್ಟಿತ್ತು ಎಂದು ಯಾರೂ ಬರೆದಿಟ್ಟಿರಲಿಲ್ಲ. ಮೊದಲ ಬ್ಲಾಸ್ಟ್ ಆಗುವ ಮುಂಚೆ ಊರಿನವರು ಮಾಡಿಟ್ಟುಕೊಳ್ಳಬೇಕಾದ ಕೆಲಸಗಳನ್ನು ಇಲ್ಲಿ ಹೇಳುತ್ತೇನೆ. ಕ್ವಾರಿ ಈಗಾಗಲೇ ನಡೆಯುತ್ತಿದ್ದರೂ ಇವತ್ತಿನಿಂದಲೇ ಅಳತೆ ಶುರು ಮಾಡಬಹುದು.

ಕಾಗದ ತರಿಸಿ

ಕ್ವಾರಿ ಬರುವ ಸರ್ವೇ ನಂಬರ್ ಹಿಡಿದುಕೊಂಡು ಮೂರು ಕಾಗದ ಹುಡುಕಿ. ಗುತ್ತಿಗೆಯ ನಕ್ಷೆ, ಕ್ವಾರಿ ಯೋಜನೆ, ಪರಿಸರ ಅನುಮತಿ ಪತ್ರ. ಕೊನೆಯದನ್ನು ಎಲ್ಲರೂ ಇಸಿ ಎನ್ನುತ್ತಾರೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅರ್ಜಿ, ಯೋಜನೆ, ಅನುಮತಿ ಸಾಮಾನ್ಯವಾಗಿ ಸಿಗುತ್ತವೆ. ಫೋನಿನಲ್ಲೇ ಹುಡುಕಬಹುದು, ಊರಿನ ಕಾಲೇಜು ಹುಡುಗರನ್ನು ಕೂರಿಸಿಕೊಳ್ಳಿ. ಸಿಗದಿದ್ದರೆ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕವಿಲ್ಲ.

ಇಸಿ ಪತ್ರದ ಪ್ರತಿಯನ್ನು ಗುತ್ತಿಗೆದಾರರು ಪಂಚಾಯ್ತಿಗೆ ಕೊಡಬೇಕು, ಪಂಚಾಯ್ತಿ ಅದನ್ನು 30 ದಿನ ಎಲ್ಲರಿಗೂ ಕಾಣುವಂತೆ ಹಾಕಬೇಕು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಇದೊಂದು ಪ್ರಶ್ನೆ ಕೇಳಿ: "ಬಂದಿದೆಯಾ? ಬಂದ ತಾರೀಖು ಯಾವುದು?"

"ನಮ್ಮದು ಚಿಕ್ಕ ಕ್ವಾರಿ, ಅನುಮತಿ ಬೇಕಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. 5 ಹೆಕ್ಟೇರ್‌ಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲೇ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಒಂದು ಗುತ್ತಿಗೆಯಿಂದ 500 ಮೀಟರ್ ಒಳಗೆ ಬೇರೆ ಗುತ್ತಿಗೆಗಳಿದ್ದರೆ ಅವನ್ನೆಲ್ಲ ಒಂದು ಗುಂಪು ಎಂದು ಲೆಕ್ಕ ಹಿಡಿಯುತ್ತಾರೆ. ಒಟ್ಟು 5 ಹೆಕ್ಟೇರ್ ದಾಟಿದರೆ ಪೂರ್ತಿ ಪರಿಸರ ಅಧ್ಯಯನ ಮತ್ತು ಸಾರ್ವಜನಿಕ ಅಹವಾಲು ಸಭೆಯ ಪ್ರಶ್ನೆ ಬರುತ್ತದೆ. ಹಾಗಾಗಿ ನಿಮ್ಮ ಕ್ವಾರಿಯೊಂದನ್ನೇ ನೋಡದೆ ಅಕ್ಕಪಕ್ಕದ ಸರ್ವೇ ನಂಬರ್‌ಗಳನ್ನೂ ಬರೆದುಕೊಳ್ಳಿ.

ಯೋಜನೆಯ ಪುಸ್ತಕ ದಪ್ಪ ಇರುತ್ತದೆ. ಮೊದಲಿಗೆ ಇಷ್ಟು ಹುಡುಕಿ: ಗುಂಡಿಯ ಕೊನೆಯ ಆಳ ಎಷ್ಟು, ಅಂತರ್ಜಲ ಎಷ್ಟು ಆಳದಲ್ಲಿದೆ ಎಂದು ಬರೆದಿದ್ದಾರೆ, ಹತ್ತಿರದ ಹಳ್ಳ, ಕುಂಟೆ, ಕೆರೆ ಎಷ್ಟು ದೂರ, ಮೇಲ್ಮಣ್ಣು ಎಲ್ಲಿ ಇಡುತ್ತಾರೆ, ಕೊನೆಗೆ ಗುಂಡಿಯನ್ನು ಏನು ಮಾಡುತ್ತಾರೆ. ಅಂತರ್ಜಲದ ಅಂಕಿಯನ್ನು ನಿಮ್ಮೂರಿನ ತೆರೆದ ಬಾವಿಯ ಜೊತೆ ಹೋಲಿಸಿ. ಯೋಜನೆಯಲ್ಲಿ 60 ಮೀಟರ್ ಎಂದಿದ್ದು, ಪಕ್ಕದ ಹೊಲದ ಬಾವಿಯಲ್ಲಿ 12 ಮೀಟರ್‌ಗೇ ನೀರು ಕಾಣುತ್ತಿದ್ದರೆ ನಿಮ್ಮ ಮೊದಲ ಆಕ್ಷೇಪಣೆ ಸಿಕ್ಕಿತು. ನೀರಿನ ಮಟ್ಟಕ್ಕಿಂತ ಕೆಳಗೆ ಮುಂಚಿತ ಒಪ್ಪಿಗೆ ಇಲ್ಲದೆ ಅಗೆಯಬಾರದು ಎಂಬ ಷರತ್ತು ಇಸಿ ಪತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತದೆ.

ನೀರು ಅಳೆಯುವುದು ಹೇಗೆ

ಇದು ಎಲ್ಲಕ್ಕಿಂತ ದೊಡ್ಡ ಕೆಲಸ. ಖರ್ಚು ಕಡಿಮೆ, ತಾಳ್ಮೆ ಜಾಸ್ತಿ ಬೇಕು.

ನಮ್ಮ ಕಡೆಯ ನೆಲ ಹೇಗಿದೆ ಎಂದು ಮೊದಲು ತಿಳಿಯಿರಿ. ಮೇಲೆ ಮಣ್ಣು, ಅದರ ಕೆಳಗೆ ಗರಸು, ಆಮೇಲೆ ಕೊಳೆತ ಕಲ್ಲು, ಅದರಡಿ ಗಟ್ಟಿ ಬಂಡೆ. ಮಳೆ ನೀರು ನಿಲ್ಲುವುದು ಗರಸು ಮತ್ತು ಕೊಳೆತ ಕಲ್ಲಿನಲ್ಲಿ. ಗಟ್ಟಿ ಬಂಡೆಯಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಕ್ವಾರಿ ಮಾಡುವವರು ಮೇಲಿನ ಪದರಗಳನ್ನು ಕೆರೆದು ತೆಗೆದಾಗ ಗುಂಡಿಯ ಗೋಡೆಯಿಂದ ನೀರು ಒಸರುತ್ತದೆ. ಸುತ್ತಲಿನ ಹೊಲದ ನೀರೇ ಅದು. ಬಿರುಕು ಯಾವ ದಿಕ್ಕಿಗೆ ಹೋಗಿದೆಯೋ ಆ ದಿಕ್ಕಿನ ಬೋರಿಗೆ ಏಟು ಬೀಳುತ್ತದೆ. ಅದಕ್ಕೇ ಪಕ್ಕದ ಬೋರು ಚೆನ್ನಾಗಿ ಓಡುತ್ತಾ, ಅರ್ಧ ಕಿಲೋಮೀಟರ್ ಆಚೆಯದು ಒಣಗಿಹೋಗುವುದೂ ಉಂಟು. ಹತ್ತಿರದ ಎರಡು ಬಾವಿ ಅಳೆದರೆ ಸಾಲದು. ನಾಲ್ಕು ದಿಕ್ಕಿನಲ್ಲೂ ಅಳೆಯಿರಿ. ಜೊತೆಗೆ ಕ್ವಾರಿಯಿಂದ ಎರಡು ಮೂರು ಕಿಲೋಮೀಟರ್ ದೂರದ ಒಂದೆರಡು ಬಾವಿಗಳನ್ನೂ ಸೇರಿಸಿ. ದೂರದ ಬಾವಿ ಯಾಕೆ ಎಂದು ಜನ ಕೇಳುತ್ತಾರೆ. ಮಳೆ ಕಡಿಮೆಯಾದ ವರ್ಷ ಎಲ್ಲ ಬಾವಿಯೂ ಇಳಿಯುತ್ತದೆ. ದೂರದ್ದು ಇಳಿಯದೆ ಕ್ವಾರಿ ಕಡೆಯದು ಮಾತ್ರ ಇಳಿದರೆ "ಬರಗಾಲದಿಂದ ಆಯಿತು" ಎನ್ನಲು ಯಾರಿಗೂ ಆಗುವುದಿಲ್ಲ. ಅಂತರ್ಜಲ ನಿರ್ದೇಶನಾಲಯಕ್ಕೂ ತಾಲ್ಲೂಕುಗಳಲ್ಲಿ ವೀಕ್ಷಣಾ ಬಾವಿಗಳಿವೆ, ಅವುಗಳ ಅಂಕಿ ಕೇಳಿ ಪಡೆಯಬಹುದು. ಮಳೆಯ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿಂದ ಪಂಚಾಯ್ತಿ ಮಟ್ಟದಲ್ಲೇ ಸಿಗುತ್ತದೆ.

ತೆರೆದ ಬಾವಿಯಾದರೆ ಟೇಪಿಗೆ ಭಾರ ಕಟ್ಟಿ ಇಳಿಬಿಡಿ. ಕಟ್ಟೆಯ ಮೇಲೆ ಬಣ್ಣದಲ್ಲಿ ಒಂದು ಗುರುತು ಹಾಕಿ, ಪ್ರತಿ ಸಲ ಅದೇ ಗುರುತಿನಿಂದ ಅಳೆಯಿರಿ. ಹಿಂದಿನ ರಾತ್ರಿಯಿಂದ ಮೋಟಾರ್ ಆಫ್ ಇರಬೇಕು, ಬೆಳಗ್ಗೆ ಅಳೆಯಬೇಕು. ತಿಂಗಳಿಗೊಮ್ಮೆ ಆದರೆ ಒಳ್ಳೆಯದು. ಆಗದಿದ್ದರೆ ಮೇ ಕೊನೆಗೆ ಮತ್ತು ನವೆಂಬರ್‌ನಲ್ಲಂತೂ ತಪ್ಪಿಸಬೇಡಿ.

ಬೋರ್‌ವೆಲ್ ಒಳಗೆ ಹಗ್ಗ ಬಿಡಲು ಹೋಗಬೇಡಿ, ಕೇಬಲ್‌ಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಇಳುವರಿ ಅಳೆಯಿರಿ. ನಮ್ಮಲ್ಲಿ "ಎರಡು ಇಂಚು ನೀರು", "ಒಂದೂವರೆ ಇಂಚು" ಎನ್ನುವ ರೂಢಿ. ಬೋರು ಕೊರೆದ ದಿನದ ಮಾತು ಅದು, ದೂರಿಗೆ ಸಾಲದು. 200 ಲೀಟರಿನ ಡ್ರಮ್ ಇಟ್ಟು, ಮೋಟಾರ್ ಹಾಕಿ ಅರ್ಧ ಗಂಟೆ ಆದ ಮೇಲೆ ಡ್ರಮ್ ತುಂಬಲು ಎಷ್ಟು ಸೆಕೆಂಡ್ ಎಂದು ಫೋನಿನಲ್ಲಿ ನೋಡಿ. 80 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಎರಡೂವರೆ ಲೀಟರ್, ಗಂಟೆಗೆ 9,000 ಲೀಟರ್. ಎಷ್ಟು ಗಂಟೆ ಓಡಿದ ಮೇಲೆ ಪೈಪಿನಲ್ಲಿ ಗಾಳಿ ಬರುತ್ತದೆ ಎಂಬುದನ್ನೂ ಬರೆಯಿರಿ. ಬೋರಿನ ಒಟ್ಟು ಆಳ, ಕೇಸಿಂಗ್ ಎಷ್ಟು ಅಡಿ, ಮೋಟಾರ್ ಎಷ್ಟು ಅಡಿಯಲ್ಲಿದೆ, ಈ ಮೂರನ್ನು ಮೆಕ್ಯಾನಿಕ್ ಹತ್ತಿರ ಕೇಳಿ ಒಮ್ಮೆ ಬರೆದಿಟ್ಟರೆ ಸಾಕು.

ಬರೆಯುವುದು ನೋಟ್‌ಬುಕ್‌ನಲ್ಲಿ, ಪೆನ್ನಿನಲ್ಲಿ. ಸರ್ವೇ ನಂಬರ್, ತಾರೀಖು, ಸಮಯ, ಅಳತೆ, ಅಳೆದವರ ಸಹಿ, ನೋಡಿದವರ ಸಹಿ. ಟೇಪಿನ ಫೋಟೋ ತೆಗೆದುಕೊಳ್ಳಿ. ಮೊದಲ ಸುತ್ತಿನ ಅಳತೆ ಮುಗಿದ ಕೂಡಲೇ ಅದರ ಪ್ರತಿಯನ್ನು ಪಂಚಾಯ್ತಿಗೂ ಗಣಿ ಇಲಾಖೆಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಕ್ವಾರಿ ಶುರುವಾಗುವ ಮುಂಚಿನ ತಾರೀಖಿನ ಅಂಚೆ ರಸೀತಿ ನಿಮ್ಮ ಹತ್ತಿರ ಇದ್ದರೆ, ಆ ಅಳತೆ ಆಮೇಲೆ ಹುಟ್ಟಿಸಿದ್ದು ಎನ್ನಲು ಬರುವುದಿಲ್ಲ.

ನೀರಿನ ಗುಣವನ್ನೂ ಮುಂಚೆಯೇ ಪರೀಕ್ಷೆ ಮಾಡಿಸಿ. ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಾಲಯಗಳು ಈ ಕೆಲಸಕ್ಕೇ ಇವೆ. ನೈಟ್ರೇಟ್, ಫ್ಲೋರೈಡ್, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ), ಕದಡು, ಗಡಸುತನ ಕೇಳಿ. ನೈಟ್ರೇಟ್ ಯಾಕೆಂದರೆ ಬಂಡೆ ಸಿಡಿಸುವ ಮದ್ದಿನಲ್ಲಿ ಅಮೋನಿಯಂ ನೈಟ್ರೇಟ್ ಇರುತ್ತದೆ, ಪೂರ್ತಿ ಸುಡದೆ ಉಳಿದದ್ದು ಗುಂಡಿ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಗೊಬ್ಬರದಿಂದಲೂ ತಿಪ್ಪೆಯಿಂದಲೂ ನೈಟ್ರೇಟ್ ಏರುತ್ತದೆ, ಆದ್ದರಿಂದಲೇ ಮುಂಚಿನ ಅಂಕಿ ಬೇಕೇಬೇಕು. ಫ್ಲೋರೈಡ್ ನಮ್ಮ ಜಿಲ್ಲೆಯ ಹಳೇ ಕಾಯಿಲೆ. ಅದರ ಮಿತಿ 1, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ. ಕ್ವಾರಿ ಬರುವ ಮುಂಚೆಯೇ ಜಾಸ್ತಿ ಇದ್ದರೆ ಅದನ್ನು ಕ್ವಾರಿಯ ತಲೆಗೆ ಕಟ್ಟಬೇಡಿ. ನಿಮ್ಮ ಉಳಿದ ಮಾತಿನ ಬೆಲೆ ಹೋಗುತ್ತದೆ.

ಹಳ್ಳದ ಜಾಡು ಹಿಡಿದು ನಡೆಯಿರಿ

ಗ್ರಾಮ ನಕ್ಷೆ ಹಿಡಿದು ಮಳೆಗಾಲದಲ್ಲಿ ಒಮ್ಮೆ ಗುಡ್ಡದಿಂದ ಕೆರೆಯವರೆಗೆ ನಡೆಯಿರಿ. ಊರಿನ ಹಿರಿಯರನ್ನು ಕರೆದುಕೊಂಡು ಹೋಗಿ. ನೀರು ಹರಿಯುವ ಜಾಡು ನಕ್ಷೆಯಲ್ಲಿ ಇಲ್ಲದೆಯೂ ಇರುತ್ತದೆ, ನಮ್ಮ ಮಾವನವರಂಥವರ ತಲೆಯಲ್ಲಿ ಇರುತ್ತದೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಇರುವುದು ಕೆರೆ ಸರಣಿ. ಒಂದು ಕುಂಟೆಯ ಬಾಯಿ ಮುಚ್ಚಿದರೆ ಕೆಳಗಿನ ಮೂರು ಕೆರೆಗೆ ನೀರು ಕಮ್ಮಿ.

ಮಳೆಯ ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 5 ಎಕರೆ ಅಂದರೆ ಸುಮಾರು 20,000 ಚದರ ಮೀಟರ್. 50 ಮಿಲಿಮೀಟರ್ ಮಳೆ ಒಂದೇ ಸಂಜೆ ಹೊಡೆದರೆ ಅದರ ಮೇಲೆ ಬೀಳುವುದು 10 ಲಕ್ಷ ಲೀಟರ್. ಬರಿ ಬಂಡೆ ಮೇಲೆ ಬಹುಪಾಲು ಹರಿದೇ ಹೋಗುತ್ತದೆ, ಬೂದಿಯಂಥ ಕ್ರಷರ್ ಧೂಳನ್ನೂ ಎಳೆದುಕೊಂಡು ಹೋಗುತ್ತದೆ. ಆ ಧೂಳು ಕೆರೆ ತಳದಲ್ಲಿ ಕೂತರೆ ನೀರು ಇಂಗುವುದು ನಿಲ್ಲುತ್ತದೆ. ಹೊಲದಲ್ಲಿ ಕೂತರೆ ಒಣಗಿ ಹೆಪ್ಪುಗಟ್ಟುತ್ತದೆ, ರಾಗಿ ಮೊಳಕೆ ಮೇಲೆ ಬರುವುದಿಲ್ಲ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತೆಗೆದ ಮರಳು) ತೊಳೆಯುವ ಕಡೆ ಇನ್ನೂ ಕಷ್ಟ. ತೊಳೆದ ಕೆಸರು ಎಲ್ಲಿಗೆ ಹೋಗುತ್ತದೆ, ನೀರು ಯಾವ ಬೋರಿನದು ಎಂದು ಕೇಳಲೇಬೇಕು.

ಹಾಗಾಗಿ ಎರಡು ಕೆಲಸ ಒತ್ತಾಯಿಸಿ. ಹೊರಗಿನ ಮಳೆ ನೀರು ಗುಂಡಿಗೂ ರಾಶಿಗಳಿಗೂ ತಾಗದಂತೆ ಸುತ್ತಲೂ ಕಾಲುವೆ ತೆಗೆದು ಹಳೇ ಜಾಡಿಗೇ ಸೇರಿಸಬೇಕು. ಒಳಗಿನ ಕೊಳೆ ನೀರು ಹಳ್ಳಕ್ಕೆ ಬೀಳುವ ಮುಂಚೆ ಹೂಳು ಕೂರುವ ಗುಂಡಿಗಳಲ್ಲಿ ನಿಂತು ಹೋಗಬೇಕು. ಕಾಗದದ ಮೇಲೆ ಇವೆರಡೂ ಯಾವಾಗಲೂ ಇರುತ್ತವೆ. ಮೇ ತಿಂಗಳಲ್ಲಿ ಹೋಗಿ ಹೂಳು ತೆಗೆದಿದ್ದಾರಾ ನೋಡಿ. ತುಂಬಿ ಹೋದ ಗುಂಡಿ ಇದ್ದರೂ ಇಲ್ಲದಿದ್ದರೂ ಒಂದೇ.

ಗುಂಡಿಯಲ್ಲಿ ಮೇ ತಿಂಗಳಲ್ಲೂ ನೀರು ನಿಂತಿದ್ದರೆ ಸುಮ್ನೆ ಸಂತೋಷಪಡಬೇಡಿ. ನಮ್ಮಲ್ಲಿ ವರ್ಷದ ಮಳೆ ಮುಕ್ಕಾಲು ಮೀಟರ್ ಆಸುಪಾಸು. ತೆರೆದ ನೀರಿನಿಂದ ವರ್ಷಕ್ಕೆ ಆವಿಯಾಗುವುದು ಸುಮಾರು ಒಂದೂವರೆ ಮೀಟರ್, ಆಳದ ಗುಂಡಿಯ ನೆರಳಿನಲ್ಲಿ ಸ್ವಲ್ಪ ಕಡಿಮೆ. ಅಂದರೆ ಗುಂಡಿಯ ಮೇಲೆ ಬಿದ್ದ ಮಳೆಯೊಂದರಿಂದಲೇ ವರ್ಷವರ್ಷವೂ ನೀರು ನಿಲ್ಲುವುದು ಕಷ್ಟ. ಬಹುಶಃ ಒಂದೋ ಹಳ್ಳ ಅದರೊಳಗೆ ತಿರುಗಿದೆ, ಇಲ್ಲವೇ ಸುತ್ತಲಿನ ನೆಲದ ನೀರು ಅಲ್ಲಿ ಬಂದು ಆವಿಯಾಗುತ್ತಿದೆ. ಅದನ್ನು ಪಂಪ್ ಹಾಕಿ ಹೊರಗೆ ಚೆಲ್ಲುತ್ತಿದ್ದರೆ ಪಂಪಿನ ಎಚ್‌ಪಿ, ದಿನಕ್ಕೆ ಎಷ್ಟು ಗಂಟೆ, ಎಲ್ಲಿಗೆ ಬಿಡುತ್ತಾರೆ ಎಂದು ಬರೆದುಕೊಳ್ಳಿ. ಆ ನೀರಿಗೆ ಮೀಟರ್ ಹಾಕಿಸಿ, ಊರ ಕುಂಟೆಗೆ ಬಿಡುವಂತೆ ಕೇಳುವುದು ನ್ಯಾಯವೇ, ಆದರೆ ನೈಟ್ರೇಟ್ ಪರೀಕ್ಷೆ ಆದ ಮೇಲೆ.

ಮೇಲ್ಮಣ್ಣು

ಒಂದು ಎಕರೆಯಲ್ಲಿ ಒಂದು ಅಡಿ ಮಣ್ಣು ಎಂದರೆ 1,200 ಘನ ಮೀಟರ್‌ಗಿಂತ ಜಾಸ್ತಿ. 100 ಘನ ಅಡಿಯ ಟ್ರಾಕ್ಟರ್ ಲೋಡಿನ ಲೆಕ್ಕದಲ್ಲಿ ಸುಮಾರು 435 ಲೋಡು. ಅಷ್ಟು ಮಣ್ಣು ಇಟ್ಟಿಗೆ ಗೂಡಿಗೋ ಲೇಔಟಿಗೋ ಹೋಗಿಬಿಟ್ಟರೆ ಕೊನೆಯಲ್ಲಿ ಗಿಡ ನೆಡಲು ಮಣ್ಣೇ ಇರುವುದಿಲ್ಲ. ಗುತ್ತಿಗೆ ಜಾಗದಲ್ಲೇ, ನೀರು ಹರಿಯದ ಮೂಲೆಯಲ್ಲಿ, ಗರಸಿನ ಜೊತೆ ಬೆರೆಸದೆ ಬೇರೆಯಾಗಿ ಇಡಿಸಿ. ರಾಶಿ ಆಳೆತ್ತರ ದಾಟಬಾರದು, ಎತ್ತರವಾದರೆ ಒಳಗಿನ ಮಣ್ಣಿಗೆ ಗಾಳಿ ಇಲ್ಲದೆ ಜೀವ ಹೋಗುತ್ತದೆ. ಮೊದಲ ಮಳೆಗೇ ಹುರುಳಿ ಎರಚಿಸಿ. ಕೊಚ್ಚಿಕೊಂಡು ಹೋಗುವುದಿಲ್ಲ, ದನಕ್ಕೆ ಮೇವೂ ಆಗುತ್ತದೆ. ರಾಶಿಯ ಫೋಟೋ ವರ್ಷಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ತೆಗೆಯಿರಿ.

ಕೊನೆಯ ಗುಂಡಿಯನ್ನು ಮೊದಲೇ ತೀರ್ಮಾನಿಸಿ

"ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚುತ್ತೇವೆ" ಎಂಬ ಮಾತಿಗೆ ಲೆಕ್ಕ ಹಾಕಿ ನೋಡಿ. 5 ಎಕರೆ, 20 ಮೀಟರ್ ಆಳ ಎಂದರೆ 4 ಲಕ್ಷ ಘನ ಮೀಟರ್. ಜಲ್ಲಿ ಕ್ವಾರಿಯಲ್ಲಿ ಬಂಡೆಯೆಲ್ಲ ಮಾರಾಟವಾಗುತ್ತದೆ, ಉಳಿಯುವುದು ಸ್ವಲ್ಪ. ಮುಚ್ಚಲು ಮಣ್ಣು ಎಲ್ಲಿಂದ ಬರುತ್ತದೆ? ಇನ್ನೊಂದು ಊರಿನಲ್ಲಿ ಗುಂಡಿ ತೆಗೆದರೆ ತಾನೇ? ಗುಂಡಿ ಹಾಗೇ ಉಳಿಯುತ್ತದೆ ಎಂದುಕೊಂಡೇ ಮಾತಾಡಿ. ಅದು ಯಾವ ಆಕಾರದಲ್ಲಿ ಉಳಿಯಬೇಕು ಎಂಬುದನ್ನು ಅಗೆಯುವಾಗಲೇ ತೀರ್ಮಾನಿಸಬೇಕು. ನೆಟ್ಟಗೆ ಕಡಿದ ಗೋಡೆಗೆ ಆಮೇಲೆ ಮೆಟ್ಟಿಲು ಮಾಡಲು ಯಾರೂ ಬರುವುದಿಲ್ಲ.

ನನಗೆ ಇದು ಬಹಳ ನೋವಿನ ವಿಷಯ. ಬಿಟ್ಟುಹೋದ ಕ್ವಾರಿ ನೀರಿನಲ್ಲಿ ಮಕ್ಕಳು ಮುಳುಗಿದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಎಲ್ಲಿಂದಲೋ ಬರುತ್ತದೆ. ಕೆರೆಗೆ ಇಳಿಜಾರು ದಡ ಇರುತ್ತದೆ, ಕಾಲು ಸಿಗುತ್ತದೆ. ಕ್ವಾರಿಯಲ್ಲಿ ಮೊದಲ ಹೆಜ್ಜೆಯೇ ಆಳ, ಹಿಡಿದುಕೊಳ್ಳಲು ಏನೂ ಇಲ್ಲ. ಆದ್ದರಿಂದ ಗೋಡೆಯಲ್ಲಿ ಬೆಂಚುಗಳನ್ನು, ಅಂದರೆ ಮೆಟ್ಟಿಲಿನಂಥ ಹಂತಗಳನ್ನು, ಉಳಿಸಿಕೊಂಡೇ ಅಗೆಯುತ್ತಿದ್ದಾರಾ ನೋಡಿ. ಯೋಜನೆಗಳಲ್ಲಿ ಸಾಮಾನ್ಯವಾಗಿ 6 ಮೀಟರ್ ಎತ್ತರಕ್ಕೆ ಒಂದು ಬೆಂಚು ತೋರಿಸಿರುತ್ತಾರೆ. ಗುತ್ತಿಗೆಯ ಗಡಿಯಿಂದ 7.5 ಮೀಟರ್ ಅಗೆಯದೆ ಬಿಡುವ ಪಟ್ಟಿಯನ್ನೂ ತೋರಿಸಿರುತ್ತಾರೆ. ಆ ಪಟ್ಟಿಯನ್ನು ಟೇಪು ಹಿಡಿದು ಅಳೆದುಬಿಡಿ. ಲಾರಿ ಇಳಿಯುವ ದಾರಿಯನ್ನು ಕೊನೆಯಲ್ಲಿ ಒಡೆಯಬಾರದು ಎಂದು ಬರೆಸಿ. ನೀರಿಗೆ ಇಳಿಯಲೂ, ಬಿದ್ದವರನ್ನು ಎತ್ತಲೂ ಅದೊಂದೇ ದಾರಿ. ಸುತ್ತಲೂ ಗಟ್ಟಿ ಬೇಲಿ ಬೇಕು, ಜಾಲರಿ ಕದ್ದು ಹೋಗುತ್ತದೆ, ಕಲ್ಲು ಕಂಬದ ಜೊತೆ ಕತ್ತಾಳೆ ಸಾಲು ಇದ್ದರೆ ಉಳಿಯುತ್ತದೆ.

ಇಂಥ ಗುಂಡಿಯ ನೀರು ಉಪಯೋಗಕ್ಕೆ ಬರುವುದಿಲ್ಲ ಎಂದಲ್ಲ. 2017ರ ಬರಗಾಲದಲ್ಲಿ ಚೆನ್ನೈ ನಗರಕ್ಕೆ ಸಿಕ್ಕರಾಯಪುರಂ ಕಲ್ಲು ಕ್ವಾರಿಗಳ ನೀರನ್ನು ಪರೀಕ್ಷೆ ಮಾಡಿ, ಚೆಂಬರಂಬಾಕ್ಕಂನಲ್ಲಿ ಶುದ್ಧೀಕರಿಸಿ ಕೊಟ್ಟರು. 2019ರಲ್ಲೂ ಅಲ್ಲಿಂದ ತಂದರು. ಅಷ್ಟು ಮಾಡಲು ನೀರು ಮೊದಲು ಸ್ವಚ್ಛ ಇರಬೇಕು. ಬೆಂಗಳೂರಿನ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಕಡೆಯ ಹಳೇ ಕ್ವಾರಿಗಳಿಗೆ ನಗರದ ಕಸ ಬಂದು ಬಿತ್ತು. ಕಸದ ರಸ ಬಂಡೆಯ ಬಿರುಕಿಗೆ ಇಳಿದರೆ ಮತ್ತೆ ಹೊರಗೆ ತೆಗೆಯುವ ದಾರಿ ಇಲ್ಲ. ನಮ್ಮ ತಾಲ್ಲೂಕು ಬೆಂಗಳೂರಿಗೆ ಹತ್ತಿರ. ಕಸ ಹಾಕಬಾರದು ಎಂಬ ಸಾಲು ನಿಮ್ಮ ನಿರ್ಣಯದಲ್ಲಿ ಇರಲೇಬೇಕು.

ನೆಲದ ವಿಷಯಕ್ಕೆ ಬಂದರೆ, 2020ರ ಜನವರಿ 8ರಂದು ಸುಪ್ರೀಂ ಕೋರ್ಟ್ ಗಣಿ ಮಾಡಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಿ ಮೇವಿಗೆ, ಗಿಡಮರಕ್ಕೆ, ಪ್ರಾಣಿಗಳಿಗೆ ಯೋಗ್ಯ ಮಾಡಬೇಕೆಂಬ ಷರತ್ತು ಹಾಕಲು ಹೇಳಿದೆ. ಗೋಮಾಳದಲ್ಲಿ ಕ್ವಾರಿ ಬರುವ ಊರುಗಳಿಗೆ ಇದು ದೊಡ್ಡ ಆಸರೆ. ಕುರಿ ಮೇಯಿಸುವವರ ಜಾಗ ಅಲ್ವಾ ಅದು? ಬೆಂಚುಗಳ ಮೇಲೆ ಎತ್ತಿಟ್ಟ ಮೇಲ್ಮಣ್ಣು ಹರಡಿ, ಹೊಂಗೆ, ಬೇವು, ಸೀತಾಫಲ, ಹುಣಸೆ ನೆಡಿಸಿ. ನೀಲಗಿರಿ ಬೇಡ. ಜೂನ್ ಜುಲೈನಲ್ಲಿ ನೆಟ್ಟು ಎರಡು ಬೇಸಿಗೆ ನೀರು ಹಾಕಬೇಕು. ಗಿಡದ ಲೆಕ್ಕವನ್ನು ನೆಟ್ಟ ದಿನ ಮಾಡಬೇಡಿ, ಎರಡನೇ ಮೇ ತಿಂಗಳಲ್ಲಿ ಎಷ್ಟು ಬದುಕಿವೆ ಎಂದು ಎಣಿಸಿ.

ಹೇಳುವುದು ಎಲ್ಲಿ, ಯಾವಾಗ

ಗುತ್ತಿಗೆದಾರರು ಇಸಿ ಷರತ್ತು ಪಾಲಿಸಿದ ವರದಿಯನ್ನು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ಆ ವರದಿ ತರಿಸಿ ನಿಮ್ಮ ನೋಟ್‌ಬುಕ್ ಪಕ್ಕದಲ್ಲಿಟ್ಟು ಓದಿ. ವ್ಯತ್ಯಾಸ ಕಂಡರೆ ಗಣಿ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ, ಜಿಲ್ಲಾಧಿಕಾರಿ, ಮೂವರಿಗೂ ಒಂದೇ ದಿನ ಬರೆಯಿರಿ. ಒಂದು ಪತ್ರದಲ್ಲಿ ಒಂದೇ ವಿಷಯ ಇರಲಿ. ಧೂಳು, ಲಾರಿ, ನೀರು, ರಸ್ತೆ ಎಲ್ಲ ಸೇರಿಸಿದರೆ ಉತ್ತರ ರಸ್ತೆಗೆ ಮಾತ್ರ ಬರುತ್ತದೆ.

ಪರಿಸರದ ದಾವೆ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಅಲ್ಲಿ ದಿನಗಳ ಲೆಕ್ಕ ಬಿಗಿ. ಅನುಮತಿಯನ್ನೇ ಪ್ರಶ್ನಿಸುವುದಾದರೆ 30 ದಿನ, ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನ. ಬೇರೆ ಪರಿಸರ ದೂರಿಗೆ 6 ತಿಂಗಳು. ಪರಿಹಾರ ಕೇಳಲು, ಹಾಳಾದ ಜಾಗ ಸರಿಮಾಡಿಸಲು 5 ವರ್ಷ. ಲಾಯರ್ ಖರ್ಚಿಗೆ ಹೆದರಬೇಡಿ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ಗ್ರಾಮಸಭೆಯ ನಿರ್ಣಯ ಹೀಗೆ ಬರೆಸಬಹುದು: "ಸರ್ವೇ ನಂಬರ್ ಇಷ್ಟರ ಕಲ್ಲು ಗಣಿ ಗುತ್ತಿಗೆಯ ಸುತ್ತಲಿನ ಬಾವಿ, ಬೋರ್‌ವೆಲ್‌ಗಳ ಅಳತೆ ಪಟ್ಟಿಯನ್ನು ಈ ಸಭೆ ದಾಖಲಿಸಿಕೊಂಡಿದೆ. ಕ್ವಾರಿ ಕಡೆಯ ಬಾವಿಗಳು ಮಾತ್ರ ಕುಸಿದರೆ ಗುತ್ತಿಗೆದಾರರು ಬದಲಿ ನೀರು ಕೊಡಬೇಕು. ಮೇಲ್ಮಣ್ಣು ಗುತ್ತಿಗೆ ಜಾಗ ಬಿಟ್ಟು ಹೋಗಬಾರದು. ಬೆಂಚು, ಇಳಿಯುವ ದಾರಿ, ಬೇಲಿ ಉಳಿಸಬೇಕು. ಗುಂಡಿಗೆ ಕಸ ಹಾಕಬಾರದು." ಸಭೆ ಮುಗಿದು ಜನ ಏಳುವ ಮುಂಚೆ ನಡವಳಿ ಪುಸ್ತಕದಲ್ಲಿ ಈ ಸಾಲುಗಳು ಬಂದಿವೆಯಾ ಎಂದು ಗಟ್ಟಿಯಾಗಿ ಓದಿಸಿ. ದೃಢೀಕೃತ ಪ್ರತಿಗೆ ಅರ್ಜಿಯನ್ನು ಅವತ್ತೇ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ.